ಬೆನ್ನು ತೋರಿದ ರಾಣಿ

ರಾಣಿಯ ಹಬ್ಬದೂಟದ ತಟ್ಟೆಯಿಂದ ಒಂದು ಬಾಳೆಹಣ್ಣು ಮಾಯವಾಗಿತ್ತು.

ಪರಿಮಳಾ ಟ್ಯಾಬಿನಲ್ಲಿದ್ದ ಫೋಟೋ ನೋಡಿದಳು, ತಟ್ಟೆ ನೋಡಿದಳು, ಮತ್ತೆ ಫೋಟೋ ನೋಡಿದಳು. ಊಟಕ್ಕೆ ಬಿಡುವ ಮುಂಚಿನ ಶಾಟಿನಲ್ಲಿ ಚಿಪ್ಪಿನ ತುದಿಗೆ ಸೊಟ್ಟಗಿನ ಹಣ್ಣೊಂದಿತ್ತು. ಈಗಿಲ್ಲ. ಹೀಗೇ ಬಿಟ್ಟರೆ ತೆರೆಯ ಮೇಲೆ ರಾಣಿ ಒಂದು ಮಾತು ಆಡಿ ಮುಗಿಸುವಷ್ಟರಲ್ಲಿ ಹಣ್ಣು ಗಾಳಿಯಲ್ಲಿ ಕರಗಿಹೋಗುತ್ತದೆ. ಅಂಥದ್ದನ್ನು ಹಿಡಿಯುವುದೇ ಅವಳ ಕೆಲಸ. ಎಡಗಡೆ ಇದ್ದ ಜಡೆ ಮುಂದಿನ ಶಾಟಿನಲ್ಲಿ ಬಲಗಡೆ ಬರದ ಹಾಗೆ, ಅರ್ಧ ಉರಿದ ದೀಪ ಮತ್ತೆ ಪೂರ್ತಿಯಾಗದ ಹಾಗೆ ಕಾಯುವ ಈ ಕೆಲಸಕ್ಕೆ ಸಿನಿಮಾದವರು ಕಂಟಿನ್ಯುಟಿ ಎನ್ನುತ್ತಾರೆ.

ಶಿರಸಿಯ ಹೊರಗಿನ ಮುಚ್ಚಿದ ರೈಸ್‌ಮಿಲ್ಲೊಂದು ಆ ತಿಂಗಳ ಮಟ್ಟಿಗೆ ಅರಮನೆಯಾಗಿತ್ತು. ಕಂಬದ ಮರೆಯಲ್ಲಿ, ಥರ್ಮಾಕೋಲಿನ ಸಿಂಹದ ಪಕ್ಕ, ನೀಲಿ ಗೆರೆಯ ಅಂಗಿ ತೊಟ್ಟವನೊಬ್ಬ ನಿಂತಿದ್ದ. ಕೈಯಲ್ಲಿ ಸಿಪ್ಪೆ.

"ತಿಂದ್ರಾ?"

"ಹ್ಞಾಂ?"

"ಹಣ್ಣು. ರಾಣಿದು."

ಅವನು ಸಿಪ್ಪೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. "ಹಸಿವಾಗಿತ್ತು. ಪ್ಲಾಸ್ಟಿಕ್ಕಿಂದು ಅಂದ್ಕಂಡು ಮುಟ್ಟಿ ನೋಡ್ದೆ. ನಿಜದ್ದೇ ಆಗಿತ್ತು."

"ನೀವು ಯಾವ ಡಿಪಾರ್ಟ್‌ಮೆಂಟು?"

"ನಾನು... ಪುಸ್ತಕ ಬರ್ದವ."

"ಯಾವ ಪುಸ್ತಕ?"

"ಇದೇಯ." ಅವನು ಸಿಂಹಾಸನ, ದೀಪಗಳು, ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಸೇನಾಪತಿ, ಎಲ್ಲವನ್ನೂ ಸೇರಿಸಿ ಕೈ ಬೀಸಿದ. "ಇದು ಅದೇ ಅಂತ ಎಲ್ಲರೂ ಹೇಳ್ತಾ ಇದಾರೆ. ನಂಗೆ ಗುರ್ತ ಸಿಗ್ತಾ ಇಲ್ಲೆ."

ತನ್ನೂರ ಕಡೆಯ ಆ 'ಇಲ್ಲೆ' ಕೇಳಿದ್ದೇ ಪರಿಮಳಾಳ ಸಿಟ್ಟು ಅರ್ಧಕ್ಕಿಳಿಯಿತು. ಅವಳು ಸಿದ್ದಾಪುರದವಳು. ಎಂಟು ವರ್ಷ ಧಾರಾವಾಹಿಗಳ ಸೆಟ್ಟಿನಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದು, ಈ ಸಿನಿಮಾದಲ್ಲಿ ಮೊದಲ ಸಲ ತನ್ನ ಹೆಸರಿನ ಕೆಲಸ ಹಿಡಿದು, ಊರ ಕಡೆಗೇ ಬಂದಿದ್ದಳು.

"ನಿಮ್ಗೆ ಊರು ಎಲ್ಲಾಯ್ತು?"

"ಹುಟ್ಟಿದ್ದು ಅರಬೈಲು. ಈಗ ಯಲ್ಲಾಪುರ, ಕಾಲೇಜಲ್ಲಿ ಕನ್ನಡ ಪಾಠ. ದರ್ಶನ ಅಂತ. ನಿಮ್ಗೆ?"

"ಸಿದ್ದಾಪುರ."

"ಹಂಗಾರೆ ಬಯ್ಯೂದು ಸ್ವಲ್ಪ ಕಮ್ಮಿ ಮಾಡಿ."

"ಊರವ್ರಿಗೇ ಜಾಸ್ತಿ ಬಯ್ಯೂದು ನಾನು. ಸೊಟ್ಟ ಬಾಳೆಹಣ್ಣು ಒಂದು ಹುಡ್ಕಂಡು ಬನ್ನಿ. ಅಷ್ಟೇ ಸೊಟ್ಟ ಇರ್ಬೇಕು."

ಅವನು ನಿಜವಾಗಿಯೂ ಪೇಟೆಗೆ ಹೋಗಿ ಬಂದ. ಬೆವರುತ್ತಾ, ಹಣ್ಣನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು. ಫೋಟೋದ ಪಕ್ಕ ಇಟ್ಟು ನೋಡಿದರೆ ಸೊಟ್ಟು ಸರಿಯಾಗಿತ್ತು. ಪರಿಮಳಾ ನಕ್ಕಳು. ಅವನು ಆ ನಗುವನ್ನು ನೋಡಿ, ನೋಡಬಾರದ್ದನ್ನು ನೋಡಿದವನ ಹಾಗೆ ಸಿಂಹದ ಕಡೆ ತಿರುಗಿದ.

ಸಿನಿಮಾದ ಹೆಸರು 'ರಾಣಿ'. ಪುಸ್ತಕದ ಹೆಸರು 'ಏಳು ನೆರಳಿನವಳು'. ಹೆಸರು ಗಿಡ್ಡವಾದದ್ದಕ್ಕೆ ಕಾರಣವಿತ್ತು. ದರ್ಶನನ ಕಥೆಯಲ್ಲಿ ರಾಣಿಗೆ ಏಳು ನೆರಳು. ಊರು ಬಿಟ್ಟು ಹೊರಟವಳು ದಾಟಿದ ಒಂದೊಂದು ಗಡಿಯಲ್ಲಿ ಒಂದೊಂದು ನೆರಳನ್ನು ಸುಂಕವಾಗಿ ಕೊಡುತ್ತಾ ಹೋಗುತ್ತಾಳೆ. ಏಳು ನೆರಳಿಗೆ ಗ್ರಾಫಿಕ್ಸಿನವರು ಹೇಳಿದ ಖರ್ಚು ಕೇಳಿ ನಿರ್ಮಾಪಕರು ಬೆವರಿದರು. ನೆರಳು ಮೂರಕ್ಕಿಳಿಯಿತು.

ಪುಸ್ತಕದ ರಾಣಿ ಕಾಡುಕೋಣದ ಮೇಲೆ ಸವಾರಿ ಮಾಡುವವಳು. ಸಿನಿಮಾಕ್ಕೆ ಸಿಕ್ಕಿದ್ದು ಒಂದು ಸಾಧು ಎಮ್ಮೆ. ಅದರ ಕಾಲಿಗೆ ಮೊಣಕಾಲಿನವರೆಗೆ ಅಕ್ಕಿಹಿಟ್ಟು ಬಳಿದು ಬಿಳಿಗಾಲಿನ ಕಾಡುಕೋಣ ಮಾಡಿದ್ದರು. ಕೆಸರು ಕಂಡಲ್ಲಿ ಅದು ಇಳಿದು ಮಲಗುತ್ತಿತ್ತು. ಎದ್ದಾಗ ಮತ್ತೆ ಎಮ್ಮೆ. ಶಾಟಿಗೆ ಮುಂಚೆ ಪರಿಮಳಾ ನಾಲ್ಕೂ ಕಾಲು ನೋಡಬೇಕಿತ್ತು. ರಾಣಿಯ ಎಡಗೆನ್ನೆಯ ಗಾಯದ ಗುರುತು, ಮೇಕಪ್ಪಿನವರು ಜ್ವರ ಬಂದು ಊರಿಗೆ ಹೋದ ದಿನ, ಹೊಸಬನ ಕೈಯಲ್ಲಿ ಬಲಗೆನ್ನೆಗೆ ದಾಟಿತು. ಅವಳು ಕೂಗಿ ನಿಲ್ಲಿಸುವಷ್ಟರಲ್ಲಿ ಎರಡು ದೃಶ್ಯ ಮುಗಿದಿದ್ದವು.

ರಜೆಯಲ್ಲಿದ್ದ ದರ್ಶನ ದಿನಾ ಬೆಳಿಗ್ಗೆ ಯಲ್ಲಾಪುರದ ಬಸ್ಸಿಗೆ ಬಂದು ಇದನ್ನೆಲ್ಲ ನೋಡುತ್ತಿದ್ದ. ಎಲ್ಲದಕ್ಕೂ ಅವನದು ಒಂದೇ ಮಾತು: "ಅಡ್ಡಿಲ್ಲೆ."

"ನಿಮ್ಗೆ ಸಿಟ್ಟೇ ಬರೂದಿಲ್ವಾ ಮಾರಾಯ್ರೆ?" ಎಂದು ಅವಳೊಮ್ಮೆ ಕೇಳಿದಳು.

"ಬತ್ತದೆ. ಬಸ್ಸಲ್ಲಿ ಹೋಗ್ವಾಗ ಬತ್ತದೆ. ಬೆಳಿಗ್ಗೆ ಇಲ್ಲಿಗೆ ಬರೂಕೆ ಮನಸ್ಸಾಗ್ತದಲ್ಲ, ಆವಾಗ ಹೋಗ್ತದೆ."

"ಎಂತಕ್ಕೆ ಮನಸ್ಸಾಗೂದು?"

"ಎಮ್ಮೆ ನೋಡೂಕೆ" ಎಂದ ಅವನು, ಅವಳ ಕಣ್ಣನ್ನೇ ನೋಡುತ್ತಾ.

ಪರಿಮಳಾಳ ಕಣ್ಣಿಗೆ ಎಂಟು ವರ್ಷದ ಅಭ್ಯಾಸ ಅಂಟಿಕೊಂಡಿತ್ತು. ಅದು ಬೇಡವೆಂದರೂ ಅವನನ್ನು ಅಳೆಯುತ್ತಿತ್ತು. ಎಡತೋಳು ಮೊಣಕೈವರೆಗೆ ಮಡಚಿದ್ದಾನೆ, ಬಲತೋಳು ಇಳಿಬಿದ್ದಿದೆ. ಕುತ್ತಿಗೆಯ ಗುಂಡಿ ನಿನ್ನೆ ಹಾಕಿತ್ತು, ಇಂದು ಬಿಚ್ಚಿದೆ. ಚಹಾದ ಲೋಟ ತುಟಿಗೆ ಒಯ್ಯುವ ಮುಂಚೆ ಒಮ್ಮೆ ಅವಳತ್ತ ನೋಡುತ್ತಾನೆ. ನೋಡಿಯೇ ಇಲ್ಲ ಎಂಬಂತೆ ಕೂಡಲೇ ಚಹಾದೊಳಗೆ ನೋಡುತ್ತಾನೆ. ಒಂದು ದಿನ ಅವನು ನೋಡದೆ ಕುಡಿದ. ಅವತ್ತೆಲ್ಲ ಅವಳ ಕೆಲಸ ತಪ್ಪಿತು.

ಇದು ಒಳ್ಳೆಯದಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು. ಯುನಿಟ್ಟು ಒಂದು ದಿನ ಡೇರೆ ಕೀಳುತ್ತದೆ. ಸೆಟ್ಟಿನಲ್ಲಿ ಹುಟ್ಟಿದ ಎಷ್ಟೋ ಪ್ರೀತಿಗಳು ಪ್ಲೈವುಡ್ಡಿನ ಜೊತೆಗೇ ಲಾರಿ ಹತ್ತಿದ್ದನ್ನು ಅವಳು ಕಂಡಿದ್ದಳು.

ಕಥೆಯ ಹೊಳೆಗೆ ನೀರು ಬೇಕಿತ್ತು. ಬನವಾಸಿಯಲ್ಲಿ ವರದಾ ನದಿ ಆ ಬೇಸಿಗೆಗೆ ಮೊಣಕಾಲುದ್ದಕ್ಕೆ ಇಳಿದಿತ್ತು. ಹಾಗಾಗಿ ಹೊಳೆಯ ದೋಣಿಯನ್ನು ಗುಡ್ನಾಪುರದ ಕೆರೆಗೆ ತಂದಿದ್ದರು. ಒಂದು ಸಂಜೆ ಶೂಟಿಂಗ್ ಮುಗಿದ ಮೇಲೆ ಅವರಿಬ್ಬರೂ ದಡಕ್ಕೆ ಕಟ್ಟಿದ್ದ ಆ ದೋಣಿಯಲ್ಲಿ ಕೂತರು.

"ಎಲ್ಲಾ ಬದಲಾದ್ರೂ ಸುಮ್ನಿರ್ತೀರಿ. ಕೊನೆ ಮಾತ್ರ ಮುಟ್ಟಬಾರ್ದು ಅಂತ ಡೈರೆಕ್ಟರ ಹತ್ರ ಮಾತು ತಗಂಡೀರಂತೆ. ಎಂತಕ್ಕೆ?"

ದರ್ಶನ ದೋಣಿಗೆ ಅಂಟಿದ್ದ ಪಾಚಿಯನ್ನು ಉಗುರಿನಿಂದ ಕೆರೆದ.

"ನಾ ಮೂರನೇ ಕ್ಲಾಸಲ್ಲಿದ್ದಾಗ ಅವ್ವ ಮನೆ ಬಿಟ್ಟು ಹೋದ್ಲು. ಅರಬೈಲ್ ಘಟ್ಟದ ತಿರುವಲ್ಲಿ ಲಾರಿಗೆ ಕೈ ಮಾಡಿ ಹತ್ತಿದ್ದನ್ನ ನೋಡಿದವ್ರಿದ್ರು. ಎಂತಕ್ಕೆ ಹೋದ್ಲು ಅಂತ ಹೇಳುವವ್ರು ಯಾರೂ ಇರ್ಲಿಲ್ಲೆ. ಅತ್ತೆ ಸಾಕಿದ್ರು. ಶಾಲೆ ಬಿಟ್ಟ ಕೂಡ್ಲೆ ನಾ ರಸ್ತೆ ಬದಿ ಕಟ್ಟೆ ಮೇಲೆ ಕೂರ್ತಿದ್ದೆ. ಅಂಕೋಲಾ ಕಡೆಯಿಂದ ಬರೂ ಗಾಡಿ ಎಲ್ಲ ಏರು ಹತ್ತೂಕಾಗ್ದೆ ನರಳ್ತಾ ಬರ್ತಿದ್ವು. ಒಂದೊಂದ್ರಲ್ಲೂ ಅವ್ವ ಇದ್ದಂಗೆ ಕಾಣ್ತಿತ್ತು."

ಪರಿಮಳಾ ಅವನ ಕಡೆಗೆ ಪೂರ್ತಿ ತಿರುಗಿ ಕೂತಳು.

"ಪುಸ್ತಕದಲ್ಲಿ ರಾಣಿ ಎಲ್ಲಾ ನೆರಳೂ ಕಳ್ಕಂಡು, ಕೂದ್ಲು ಹಣ್ಣಾಗಿ ವಾಪಸ್ ಬತ್ತಾಳೆ. ಊರವ್ರಿಗೆ ಗುರ್ತವೇ ಸಿಗೂದಿಲ್ಲ. ಅಂಬಿಗ ಒಬ್ಬವ ನಡಿಗೆ ನೋಡಿ ಗುರ್ತ ಹಿಡೀತ. ಎಂತದೂ ಕೇಳೂದಿಲ್ಲ. ದೋಣಿಯಲ್ಲಿ ಸ್ವಲ್ಪ ಸರಿದು ಜಾಗ ಕೊಡ್ತ. ಅಷ್ಟೇಯ. ಹೋದವ್ಳು ಕಥೇಲಾದ್ರೂ ಬರ್ಲಿ ಅಂತ ಬರ್ದೆ ನಾನು."

"ಅವಳು ಬರೂದು ಮಧ್ಯಾಹ್ನದ ಹೊತ್ತು ಅಂತ ಬರ್ದೀರಿ. ಎಂತಕ್ಕೆ?"

"ನಮ್ಮ ಈ ಸೀಮೇಲಿ ಏಪ್ರಿಲ್ ಕೊನೆಗೆ ಸೂರ್ಯ ಸರೀ ನೆತ್ತಿ ಮೇಲೆ ಬತ್ತ. ಒಂದು ಗಳಿಗೆ ಯಾರಿಗೂ ನೆರಳಿರೂದಿಲ್ಲ. ರಾಣಿಗೂ, ಊರಿಗೂ ಅವತ್ತು ಫರಕೇ ಇಲ್ಲ."

ಅವನ ಕೈ ದೋಣಿಯ ಅಂಚಿನ ಮೇಲಿತ್ತು. ಅವಳದೂ. ಕೆರೆಯ ಸಣ್ಣ ಅಲೆಯೊಂದು ದೋಣಿಯನ್ನು ಎತ್ತಿ ಇಳಿಸಿತು. ಬೆರಳಿಗೆ ಬೆರಳು ತಾಗಿತು. ಅಲೆ ಹೋಯಿತು. ಬೆರಳುಗಳು ಹೋಗಲಿಲ್ಲ.

"ಶೂಟಿಂಗ್ ಮುಗದ್ಮೇಲೆ ನೀವೂ ಹೋಗ್ತೀರಿ" ಎಂದ ಅವನು.

"ಯುನಿಟ್ಟು ಹೋಗ್ತದೆ."

"ನಾ ಯುನಿಟ್ಟಿನ ಸುದ್ದಿ ಕೇಳ್ಲಿಲ್ಲೆ."



ಮರುದಿನ ಬೆಳಿಗ್ಗೆ ರಾಣಿಯೇ ಇರಲಿಲ್ಲ. ನಾಯಕಿ ಸಮೃದ್ಧಿ ಹೈದರಾಬಾದಿನ ಇನ್ನೊಂದು ಸಿನಿಮಾಕ್ಕೆ ಕೊಟ್ಟಿದ್ದ ಡೇಟು ಬಂದಿತ್ತು. ಅವಳು ಹೊರಟುಹೋಗಿದ್ದಳು, ಇನ್ನು ಬರುವುದಿಲ್ಲ. ನಿರ್ದೇಶಕ ಸಂಜಯ ಪರಿಮಳಾಳನ್ನು ಮಿಲ್ಲಿನ ಹಿಂಭಾಗಕ್ಕೆ ಕರೆದ. ಒಳ್ಳೆಯ ಮನುಷ್ಯ, ಆದರೆ ಆ ಬೆಳಿಗ್ಗೆ ಅವನ ಮುಖ ಒರೆಸಿಟ್ಟ ಹಲಗೆಯ ಹಾಗಿತ್ತು.

"ರಾಣಿ ಯುದ್ಧದಲ್ಲೇ ಸಾಯ್ತಾಳೆ. ಬೋರಲು ಬಿದ್ದಿರ್ತಾಳೆ, ಮುಖ ಬೇಕಾಗಲ್ಲ. ನಿನ್ನ ಎತ್ತರ ಸರಿಯಾಗಿದೆ. ಡೂಪ್ ನೀನೇ."

"ಸರ್, ಅವಳು ವಾಪಸ್ ಬರೋದೇ ಅಲ್ವಾ ಕಥೆ?"

"ಗೊತ್ತು ಕಣಮ್ಮ. ಬರೋಕೆ ಅವಳು ಎಲ್ಲಿದಾಳೆ?" ಅವನು ಹಣೆ ಉಜ್ಜಿಕೊಂಡ. "ಕೊನೆ ಮುಟ್ಟಲ್ಲ ಅಂತ ದರ್ಶನ್‌ಗೆ ಮಾತು ಕೊಟ್ಟಿದ್ದೀನಿ. ನಾನು ಕೇಳಿದ್ರೆ ಒಪ್ಪಲ್ಲ. ನಿನ್ನ ಮಾತು ಕೇಳ್ತಾನೆ. ಇವತ್ತು ಹೂಂ ಅನ್ನಿಸಿಬಿಡು. ಇಲ್ಲಾಂದ್ರೆ ನಿರ್ಮಾಪಕರು ಸಂಜೆಗೇ ಪ್ಯಾಕಪ್ ಅಂತಿದ್ದಾರೆ. ಸಿನಿಮಾ ಅಷ್ಟಕ್ಕೇ ನಿಲ್ಲುತ್ತೆ, ನಮ್ಮೆಲ್ಲರ ಕೆಲಸವೂ."

ಪರಿಮಳಾ ಫೋನು ಹಿಡಿದು ಮಿಲ್ಲಿನ ಹೊಟ್ಟಿನ ರಾಶಿಯ ಪಕ್ಕ ತುಂಬ ಹೊತ್ತು ನಿಂತಳು. ಎಂಟು ವರ್ಷ ಕಾದ ಹೆಸರು. ಒಳಗೆ ಬಣ್ಣ ಬಳಿಯುತ್ತಿದ್ದವರು, ಅಡುಗೆಯವರು, ಲೈಟಿನವರು, ಯಾರಿಗೂ ಇನ್ನೂ ಏನೂ ಗೊತ್ತಿಲ್ಲದೆ ನಗುತ್ತಿದ್ದರು. ನಿಜ ಹೇಳಿದರೆ ಅವನು ಬೇಡ ಎನ್ನುತ್ತಾನೆ. ಎನ್ನಲೇಬೇಕು.

ಕಾಲೇಜಿನ ಕೆಲಸಕ್ಕೆಂದು ಅವತ್ತು ಯಲ್ಲಾಪುರದಲ್ಲೇ ಉಳಿದಿದ್ದ ದರ್ಶನ ಮೊದಲ ರಿಂಗಿಗೇ ಎತ್ತಿದ. ಅವಳ ಹೆಸರು ಕಂಡ ಸಂತೋಷ ಧ್ವನಿಯಲ್ಲೇ ಇತ್ತು.

"ಕೊನೇಲಿ ಒಂದು ಸಣ್ಣ ಬದಲಾವಣೆ ಮಾಡ್ತೀವಿ ಅಂತಿದಾರೆ. ನಿಮ್ಮನ್ನ ಕೇಳೂಕೆ ಹೇಳಿದ್ರು."

"ಎಷ್ಟು ಸಣ್ಣ?"

"ಸಣ್ಣದೇಯ. ಸಮೃದ್ಧಿ ಇಲ್ಲ, ಅದಕ್ಕೆ ರಾಣಿ ಮುಖ ತೋರ್ಸೂದಿಲ್ಲ."

"ಅಡ್ಡಿಲ್ಲೆ. ಮುಖ ಇಲ್ದೇ ಇದ್ರೂ ಅಡ್ಡಿಲ್ಲೆ." ಅವನೇ ಮತ್ತೆ ಕೇಳಿದ, "ರಾಣಿ ಬತ್ತಾಳಲ್ಲ?"

ಹೊಟ್ಟಿನ ಧೂಳು ಬಿಸಿಲಲ್ಲಿ ತೇಲುತ್ತಿತ್ತು.

"ಬತ್ತಾಳೆ" ಎಂದಳು.

"ನೀವು ಹೇಳಿದ ಮೇಲೆ ಆಯ್ತು ಬಿಡಿ" ಎಂದ ಅವನು.

ಮಾರನೆಯ ದಿನ ಬೆಳಿಗ್ಗೆ ಮಿಲ್ಲಿನ ಹಿಂದಿನ ಒಣಗದ್ದೆ ರಣರಂಗವಾಯಿತು. ಪರಿಮಳಾ ರಾಣಿಯ ಕೆಂಪು ಜರಿಯ ಭಾರದ ಉಡುಪು ತೊಟ್ಟು, ಬೆನ್ನಿಗೆ ಮುರಿದ ಬಾಣ ಅಂಟಿಸಿಕೊಂಡು, ಮಣ್ಣಿಗೆ ಮುಖವಿಟ್ಟು ಬೋರಲು ಬಿದ್ದಳು. ಡ್ರೋನು ಮೇಲೇರಿತು. ಅಲುಗಬೇಡ, ಉಸಿರು ಕೂಡ ಸಣ್ಣಗೆ ಎಂದಿದ್ದರು.

ಆಗ ಕೇಳಿಸಿತು ಆ ಧ್ವನಿ. "ಯುನಿಟ್ಟಿಗೆ ಅಂತ ಹಲಸಿನ ಚಿಪ್ಸ್ ತಂದಿದ್ದೆ. ಪರಿಮಳಾ ಎಲ್ಲಿ?"

"ಅಲ್ಲೇ ಬಿದ್ದಾರಲ್ಲ ಸಾರ್" ಎಂದು ಯಾರೋ ನಗುತ್ತಾ ಹೇಳಿದರು. "ರಾಣಿ ಹೆಣ ಅವ್ರೇಯ."

"ಹೆಣವಾ?"

"ಕ್ಲೈಮ್ಯಾಕ್ಸ್ ಸಾರ್. ರಾಣಿ ಸತ್ತಳು, ಸಿನಿಮಾ ಮುಗೀತು."

ಅವಳು ಏಳಬೇಕೆಂದುಕೊಂಡಳು. ಮೇಲೆ ಡ್ರೋನು ಗುಂಯ್‌ಗುಡುತ್ತಲೇ ಇತ್ತು. ಎದ್ದರೆ ಶಾಟು ಹಾಳು, ಏಳದಿದ್ದರೆ ಬದುಕು. ಮಣ್ಣು ಬಾಯಿಗೆ ಬಂತು. ಎಂಟು ವರ್ಷ ಕಲಿತ ಶಿಸ್ತು ಅವಳನ್ನು ಆ ಗದ್ದೆಗೆ ಮೊಳೆ ಹೊಡೆದಂತೆ ಹಿಡಿದಿತ್ತು. ಕಟ್ ಎಂದು ಕೂಗು ಬಿದ್ದದ್ದೇ ಅವಳು ಬಾಣ ಸಮೇತ ಎದ್ದು ಓಡಿದಳು.

ಕುರ್ಚಿಯ ಮೇಲೆ ಚಿಪ್ಸಿನ ಪೊಟ್ಟಣವಿತ್ತು. ಅವನಿರಲಿಲ್ಲ.

ಫೋನು ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಮೆಸೇಜು ಬರೆದಳು, ಅಳಿಸಿದಳು, ಬರೆದಳು. ಊಟದ ಹೊತ್ತಿಗೆ ಒಂದು ಉತ್ತರ ಬಂತು: 'ನಿಮ್ಮನ್ನ ಕೇಳಿದ್ದು ಒಂದೇ ಪ್ರಶ್ನೆ.' ಆಮೇಲೆ ಫೋನು ಸ್ವಿಚ್ ಆಫ್.

ಸಂಜೆ ಅವಳು ಸಂಜಯನ ಮುಂದೆ ನಿಂತಳು. ಕಣ್ಣು ಊದಿತ್ತು, ಕೆನ್ನೆಯಲ್ಲಿ ಇನ್ನೂ ರಣರಂಗದ ಮಣ್ಣಿತ್ತು.

"ಸರ್, ನಾಳೆ ಮಧ್ಯಾಹ್ನ ಒಂದು ಶಾಟ್ ಕೊಡಿ. ಗುಡ್ನಾಪುರದ ಕೆರೆ ದಂಡೆ, ಆ ದೋಣಿ, ಅಂಬಿಗನ ಪಾತ್ರದವರು ಇನ್ನೂ ಇದಾರೆ. ರಾಣಿ ಬೆನ್ನು ಮಾತ್ರ ಕಾಣ್ಲಿ, ನಾನು ನಡೀತೀನಿ. ನೆರಳಿಗೆ ಗ್ರಾಫಿಕ್ಸೂ ಬೇಡ. ಏಪ್ರಿಲ್ ಕೊನೆ ಇದು, ಆ ಹೊತ್ತಿಗೆ ನೆರಳೇ ಬೀಳಲ್ಲ."

"ಸತ್ತವಳು ಹೇಗಮ್ಮ ನಡೀತಾಳೆ?"

"ಸತ್ತ ಶಾಟ್ ತೆಗೆದ್ಹಾಕಿ."

"ನಿರ್ಮಾಪಕರು ಒಪ್ಪಿರೋದು ಅದನ್ನೇ."

"ಸರ್, ದರ್ಶನ್ ಅವರ ಅಮ್ಮ ವಾಪಸ್ ಬರ್ಲಿಲ್ಲ." ಅವಳು ಕೆನ್ನೆಯ ಮಣ್ಣನ್ನು ಒರೆಸಿಕೊಂಡಳು. "ಅದಕ್ಕೆ ಬರ್ದಿದ್ದು ಆ ಕೊನೆ. ನಂಗೆ ಅದು ಗೊತ್ತಿತ್ತು. ಗೊತ್ತಿದ್ದೂ ರಾಣಿ ಬರ್ತಾಳೆ ಅಂದೆ. ನನ್ನ ಬಾಯಲ್ಲಿ ನೀವು ಹೇಳ್ಸಿದ್ರಿ, ನಾನು ಹೇಳಿದೆ. ಒಂದು ಶಾಟ್ ಸರ್. ಕಾಲು ಹಿಡೀಬೇಕಾದ್ರೆ ಹಿಡೀತೀನಿ."

ಸಂಜಯ ಪಕ್ಕದ ಕುರ್ಚಿ ಎಳೆದು ಕೂತ. ಆಮೇಲೆ ಹೇಳಿದ, "ಆ ಕೊನೆ ಓದಿ ಅತ್ತೇ ನಾನು ಈ ಪುಸ್ತಕ ಹಿಡಿದಿದ್ದು. ಒಂದೇ ಟೇಕು. ಆಮೇಲೆ ಲಾರಿಗೆ ಸಾಮಾನು ತುಂಬ್ತೀವಿ."

ಗುಡ್ನಾಪುರದ ಕೆರೆಯ ದಂಡೆ ಮರುದಿನ ಮಧ್ಯಾಹ್ನ ಬಾಣಲೆಯಂತೆ ಕಾದಿತ್ತು. ಸಮೃದ್ಧಿ ಬಿಳಿಗೂದಲಿಗೆ ಒಪ್ಪಿರಲಿಲ್ಲ, ಮಾರುಕಟ್ಟೆ ಬೀಳುತ್ತದೆ ಎಂದು. ಪರಿಮಳಾಗೆ ಮಾರುಕಟ್ಟೆ ಇರಲಿಲ್ಲ. ಮೇಕಪ್ಪಿನವರು ಅವಳ ಬಿಚ್ಚಿದ ಕೂದಲಿಗೆ ಬಿಳಿ ಪುಡಿ ಧಾರಾಳವಾಗಿ ಉಜ್ಜಿದರು. ಅವಳು ಬರಿಗಾಲಲ್ಲಿ ನಿಂತು ಕೆಳಗೆ ನೋಡಿದಳು. ಪಾದದ ಸುತ್ತ ನೆರಳು ಕರಗುತ್ತಾ ಬಂದು ಅಡಿಗೇ ಅಡಗಿತು.

"ಆ್ಯಕ್ಷನ್."

ಅವಳು ನಡೆದಳು. ದೋಣಿಯಲ್ಲಿ ಅಂಬಿಗನಾಗಿ ಕೂತಿದ್ದವರು ಹಾವೇರಿ ಕಡೆಯ ನಾಟಕದ ಹಿರಿಯ ನಟ. ಅರ್ಧ ದಾರಿಗೆ ಮೋಡವೊಂದು ಬಂದು ಸೂರ್ಯನನ್ನು ಮುಚ್ಚಿತು. ದಂಡೆಯೆಲ್ಲ ತಟ್ಟನೆ ಬೂದಿಬಣ್ಣಕ್ಕೆ ತಿರುಗಿತು. ಬೇರೆ ದಿನವಾಗಿದ್ದರೆ ಕಟ್ ಎಂದು ಮೊದಲು ಕೂಗುವವಳು ಅವಳೇ. ಅವಳು ನಿಲ್ಲಲಿಲ್ಲ. ಹಿಂದೆ ಕ್ಯಾಮೆರಾ ಇತ್ತು, ಅದಕ್ಕೆ ಬೆನ್ನು ಮಾತ್ರ ಸಾಕಿತ್ತು. ಮುಖದಲ್ಲಿ ಇಳಿಯುತ್ತಿದ್ದುದನ್ನು ಕಂಡವರು ಆ ಹಿರಿಯರೊಬ್ಬರೇ. ಅವರು ಮಾತಾಡಲಿಲ್ಲ. ಮೆಲ್ಲಗೆ ಸರಿದು ಜಾಗ ಕೊಟ್ಟರು.

"ಬಿಸಿಲು ಮಧ್ಯದಲ್ಲೇ ಹೋಯ್ತಲ್ಲ" ಎಂದ ಸಂಜಯ, ಮಾನಿಟರಿನಿಂದ ಕಣ್ಣು ತೆಗೆಯದೆ. "ಮ್ಯಾಚ್ ಆಗುತ್ತಾ ಇದು?"

"ಆಗಲ್ಲ ಸರ್. ಆದ್ರೂ ಇಟ್ಕೊಳ್ಳಿ."

"ಎಡಿಟಿಂಗಲ್ಲಿ ನೋಡೋಣ. ಮಾತು ಕೊಡಲ್ಲ. ಒಂದ್ಸಲ ಕೊಟ್ಟು ಮುರಿದಿದ್ದೀನಿ."

ಅವಳು ಉಡುಪು ಕೂಡ ಬದಲಿಸಲಿಲ್ಲ. ಯುನಿಟ್ಟಿಗೆ ಕಾರು ಓಡಿಸುತ್ತಿದ್ದ ಶಿರಸಿಯ ಜಲೀಲ್ ಮರದಡಿ ಕೂತಿದ್ದ. ಅವನ ಬಳಿ ಓಡಿ, "ಜಲೀಲ್ ಭಾಯ್, ಯಲ್ಲಾಪುರ. ಈಗ್ಲೇ" ಎಂದಳು. ಜಲೀಲ್ ಅವಳ ಮುಖ ನೋಡಿ ಕೀಲಿ ತೆಗೆದ.

ದಾರಿಯುದ್ದಕ್ಕೂ ಅವಳು ಹೇಳಬೇಕಾದ್ದನ್ನು ಜೋಡಿಸಿದಳು. ಜೋಡಿಸಿದ್ದೆಲ್ಲ ಕಳಚಿ ಬಿತ್ತು. ಬಾಗಿಲೇ ತೆಗೆಯದಿದ್ದರೆ? ತೆಗೆದು, ಯಾರು ನೀವು ಎಂಬಂತೆ ನೋಡಿದರೆ?

ದರ್ಶನನ ಬಾಡಿಗೆ ಮನೆ ಒಂದು ಓಣಿಯ ತುದಿಯಲ್ಲಿತ್ತು. ಮನೆಯ ಮಾಲೀಕಳು ಚೌಡಮ್ಮ ಪಕ್ಕದ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದವಳು ಬಾಯಿ ತೆರೆದು ನೋಡಿದಳು. ಪರಿಮಳಾ ಬಾಗಿಲು ಬಡಿದಳು.

ಬಾಗಿಲು ತೆರೆಯಿತು. ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ದರ್ಶನನಿಗೆ ಮೊದಲು ಕಂಡದ್ದು ಬಾಗಿಲಲ್ಲಿ ನಿಂತ ಹೆಂಗಸಿನ ಬಿಳಿಗೂದಲು. ಅವನ ಮುಖದ ರಕ್ತವೆಲ್ಲ ಇಳಿಯಿತು. ಕೈ ಚೌಕಟ್ಟನ್ನು ಹಿಡಿಯಿತು. ತುಟಿ 'ಅವ್ವ' ಎಂಬ ಶಬ್ದಕ್ಕೆ ತೆರೆದುಕೊಂಡಿತು.

ಆಗ ಪರಿಮಳಾಗೆ ತಾನೇನು ಮಾಡಿದೆನೆಂದು ಹೊಳೆಯಿತು. "ಅಯ್ಯೋ, ಅಲ್ಲ... ನಾನು. ಪರಿಮಳಾ. ಇದು ಪುಡಿ, ಮೇಕಪ್ಪು" ಎನ್ನುತ್ತಾ ಎರಡೂ ಕೈಯಲ್ಲಿ ತಲೆ ಉಜ್ಜಿಕೊಂಡಳು. ಬಿಳಿ ಧೂಳು ಇಬ್ಬರ ನಡುವೆ ಹಾರಿತು.

ಅವನು ಹೊಸ್ತಿಲ ಮೇಲೇ ಕುಸಿದು ಕೂತ. ಮೊಣಕಾಲಿಗೆ ಹಣೆ ಹಚ್ಚಿದ. ಅವನ ಬೆನ್ನು ಅಲುಗುವುದನ್ನು ನೋಡುತ್ತಾ ಅವಳೂ ಮೆಟ್ಟಿಲ ಮೇಲೆ ಕೂತಳು. ಮುಟ್ಟುವ ಧೈರ್ಯ ಬರಲಿಲ್ಲ.

"ಸುಳ್ಳು ಹೇಳ್ದೆ ನಾನು" ಎಂದಳು. "ಗೊತ್ತಿದ್ದೇ ಹೇಳ್ದೆ. ಕೆಲ್ಸ ಹೋಗ್ತದೆ ಅಂತ ಹೆದ್ರಿದ್ದೆ. ಇವತ್ತು ಆ ಕೊನೆ ಶೂಟ್ ಮಾಡಿದ್ವಿ. ರಾಣಿ ಬಂದ್ಲು, ದೋಣೀಲಿ ಕೂತ್ಲು. ಆದ್ರೆ ಸಿನಿಮಾದಲ್ಲಿ ಅದು ಇರ್ತದೋ ಇಲ್ವೋ ನಂಗೆ ಗೊತ್ತಿಲ್ಲೆ. ನಡುವೆ ಮೋಡ ಬಂದು ಬಿಸ್ಲೂ ಹೋಯ್ತು. ಬಹುಶಃ ತೆಗ್ದೇ ಹಾಕ್ತಾರೆ."

ಅವನು ತಲೆ ಎತ್ತಿದ. "ಇರ್ತದೆ ಅಂತ ಹೇಳ್ಬಹುದಿತ್ತು."

"ಇನ್ನು ಹೇಳೂದಿಲ್ಲ."

"ನಿಮ್ಮ ಫೋನು ನೋಡ್ತಾ ಕೂತಿದ್ದೆ ನಾನು. ಎತ್ತಲೂ ಆಗ್ಲಿಲ್ಲ, ಬಿಡಲೂ ಆಗ್ಲಿಲ್ಲ. ಅದಕ್ಕೆ ಆಫ್ ಮಾಡ್ದೆ." ಅವನು ಮುಖ ಒರೆಸಿಕೊಂಡ. "ನಂಗೆ ಸಿನಿಮಾದ್ದು ಅಷ್ಟು ಬೇಜಾರಿಲ್ಲೆ ಪರಿಮಳಾ. ನೀವು ಆ ಗದ್ದೇಲಿ ಬಿದ್ಕಂಡಿದ್ರಿ. ಒಂದು ಕ್ಷಣ ಸಿನಿಮಾ ಅಂತ ಮರ್ತೇ ಹೋಯ್ತು. ಇನ್ನೊಬ್ಳು ಹೋದ್ಲು ಅನ್ನಿಸ್ತು."

ಅವಳಿಗೆ ಅಲ್ಲಿಯವರೆಗೆ ತಡೆದದ್ದೆಲ್ಲ ಒಡೆಯಿತು. "ನಾ ಎಂತ ಮಾಡ್ಲಿ? ಕಣ್ಣು ಮುಚ್ಚಿದ್ರೆ ನಿನ್ನ ಅಂಗಿ ತೋಳು ಕಾಣ್ತದೆ. ಒಂದು ಮಡಚಿದ್ದು, ಒಂದು ಬಿಟ್ಟದ್ದು. ಚಹಾ ಕುಡಿಯೂ ಮುಂಚೆ ನೀ ನೋಡೂದು ಕಾಣ್ತದೆ. ನಂಗೆ ನಿನ್ನ ಬಿಟ್ಟು ಲಾರಿ ಹತ್ತೂಕಾಗೂದಿಲ್ಲ. ಬೈಯಿ, ಬಾಗ್ಲು ಹಾಕು, ಇಲ್ಲೇ ಮೆಟ್ಲ ಮೇಲೆ ಕೂರ್ತೆ."

'ನೀನು' ಎಂದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಅವನಿಗೆ ಗೊತ್ತಾಯಿತು.

"ನಂಬ್ಕೆ ಒಂದೇ ದಿನಕ್ಕೆ ವಾಪಸ್ ಬರೂದಿಲ್ಲ" ಎಂದ ಮೆಲ್ಲಗೆ.

"ಬರೂವರೆಗೆ ಇರ್ತೆ."

ಅವನು ಕೈ ಚಾಚಿ ಅವಳ ಹಣೆಯ ಮೇಲಿನ ಬಿಳಿ ಕೂದಲೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಬುಡದಿಂದ ತುದಿಯವರೆಗೆ, ಬೆರಳು ಹೋದಲ್ಲೆಲ್ಲ ಅದು ಕಪ್ಪಾಯಿತು. "ಮೊದ್ಲು ಇದನ್ನ ತೊಳಿ. ನೋಡೂಕಾಗ್ತಾ ಇಲ್ಲೆ ನಂಗೆ."

ಹಿತ್ತಲಿನ ಕಲ್ಲಿನ ಮೇಲೆ ಅವಳು ತಲೆ ಬಗ್ಗಿಸಿ ಕೂತಳು. ಅವನು ಬಿಂದಿಗೆಯಿಂದ ಚೊಂಬಿನಲ್ಲಿ ನೀರು ಮೊಗೆದು ಹೊಯ್ದ. ಮೊದಲು ಹಾಲಿನಂಥ ನೀರು ಹರಿಯಿತು. ಅವನ ಬೆರಳು ಕೂದಲೊಳಗೆ ಹೆದರುತ್ತಾ ಹೊಕ್ಕಿತು, ಆಮೇಲೆ ಹೆದರಲಿಲ್ಲ. ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ, ಪುಡಿ ಅಂಟಿದಲ್ಲೆಲ್ಲ ನಿಂತು ನಿಂತು ತೊಳೆದ. ಅವಳು ಕಣ್ಣು ಮುಚ್ಚಿದಳು. ನೀರು ತಿಳಿಯಾದ ಮೇಲೂ ಅವನು ಹೊಯ್ಯುತ್ತಲೇ ಇದ್ದ.

"ಸಾಕು ಮಾರಾಯಾ, ಬಾವಿ ಬರಿದಾಗ್ತದೆ!" ಎಂದು ಬೇಲಿಯಾಚೆಯಿಂದ ಚೌಡಮ್ಮ ಕೂಗಿದಳು. "ಆ ಹೆಣ್ಣಿಗೆ ಉಡೂಕೆ ಎಂತಾದ್ರೂ ಬೇಕಾ? ಆ ಜರಿ ಎಲ್ಲ ಒದ್ದೆ ಆಯ್ತಲ್ಲ." ಹೂವಿನ ಚಿತ್ರದ ದೊಗಲೆ ನೈಟಿಯೊಂದು ಬೇಲಿಯ ಮೇಲೆ ಬಂದು ಬಿತ್ತು.

ಬಾಗಿಲ ಹತ್ತಿರ ಜಲೀಲ್ ಹಾರ್ನ್ ಹೊಡೆದ. "ಅಕ್ಕಾ, ಕಾಸ್ಟ್ಯೂಮಿನವ್ರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ಡ್ರೆಸ್ ಬರ್ದೆ ಲಾರಿ ಬಿಡೂದಿಲ್ಲಂತೆ. ಬೇಗ ಬರ್ರಿ."

ಪರಿಮಳಾ ಹೊರಗೆ ಬಂದಳು. ಚೌಡಮ್ಮನ ನೈಟಿಯಲ್ಲಿ ಅವಳಂಥ ಇಬ್ಬರು ಹಿಡಿಯುತ್ತಿದ್ದರು. ಕಪ್ಪು ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ, ಹಿಂಡಿ ಮಡಚಿ ಚೀಲಕ್ಕೆ ತುಂಬಿದ ರಾಣಿಯ ಉಡುಪಿತ್ತು.

"ಡ್ರೆಸ್ ತಗಳಿ ಭಾಯ್. ಲಾರಿ ಬಿಡೂಕೆ ಹೇಳಿ."

"ನೀವು?"

"ಈ ಅವತಾರದಲ್ಲಿ ನಾ ಎಲ್ಲಿಗೆ ಬರ್ಲಿ? ಇವತ್ತು ಚೌಡಮ್ಮನ ಮನೇಲಿ ಇರ್ತೆ. ನಾಳೆ ಸಿದ್ದಾಪುರಕ್ಕೆ ಹೋಗೂದಿದೆ, ಅಪ್ಪಯ್ಯನ ಹತ್ರ ಮಾತಾಡ್ಬೇಕು." ಅವಳು ತಿರುಗಿ, ಬಾಗಿಲಲ್ಲಿ ಒದ್ದೆ ತೋಳುಗಳೊಂದಿಗೆ ನಿಂತಿದ್ದ ದರ್ಶನನನ್ನು ನೋಡಿದಳು. "ಒಬ್ಳೇ ಹೋಗ್ಲಾ?"

ದರ್ಶನ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಜಲೀಲ್ ಇಂಜಿನ್ ಆಫ್ ಮಾಡಿದ.

"ಬೆಳಿಗ್ಗೆ ಬಸ್ಸಿದೆ" ಎಂದ ದರ್ಶನ. "ಇಬ್ರಿಗೂ ಸೀಟು ಹಿಡೀತೆ."

ಜಲೀಲ್ ಅವನನ್ನು ನೋಡಿದ, ಅವಳನ್ನು ನೋಡಿದ, ನೈಟಿ ನೋಡಿದ. ನಗು ತಡೆದುಕೊಂಡು ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟು, ಬೀಳದಿರಲೆಂದು ಬೆಲ್ಟು ಹಾಕಿದ. ಕಾರು ಹಿಮ್ಮುಖವಾಗಿ ಓಣಿಯಿಂದ ಹೊರಬಿದ್ದು ತಿರುಗಿತು. ರಾಣಿಯ ಉಡುಪು ಒಂದೇ ಶಿರಸಿಗೆ ಹೋಯಿತು.